ಒಗ್ಗರಣೆಯ ಸಾಹಸ

(ರಾಯರು ಸೋಫಾದಲ್ಲಿ ಕಾಲು ಚಾಚಿ ಮೊಬೈಲು ನೋಡುತ್ತಿದ್ದಾರೆ. ಉಪದೇಶಕ್ಕೆ ಇದಕ್ಕಿಂತ ಒಳ್ಳೆ ಪೀಠವಿಲ್ಲ.)

ರಾಯರು: ಕೇಳಿಸ್ಕೊಂಡ್ಯೇನೇ? ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬಂದ್ರೇನೇ ಮನುಷ್ಯ ಬೆಳೆಯೋದಂತೆ.

ಹೆಂಡತಿ: ಬನ್ನಿ ಹಾಗಾದ್ರೆ. ಎಣ್ಣೆ ಕಾದಿದೆ, ಒಗ್ಗರಣೆ ಹಾಕಿ.

ರಾಯರು: ಅಂಥಾದ್ದಲ್ಲ ಕಣೇ! ಶಿವರಾಮ ಕಾರಂತರನ್ನ ನೋಡು. ಕಾದಂಬರಿ ಬರೆದು ಸುಮ್ಮನೆ ಕೂತ್ರಾ? ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿದ್ರು, ಮೂಕಿ ಚಿತ್ರ ತೆಗೆದ್ರು. ಕೈಗಾ ಅಣುಸ್ಥಾವರ ಬೇಡ ಅಂತ 1989ರಲ್ಲಿ, 87ರ ವಯಸ್ಸಲ್ಲಿ, ಲೋಕಸಭೆಗೇ ನಿಂತ್ರು!

ಹೆಂಡತಿ: ಗೆದ್ರಾ?

ರಾಯರು: ಸೋತ್ರು. ಅದು ಮುಖ್ಯ ಅಲ್ಲ.

ಹೆಂಡತಿ: ಸರಿ, ಒಗ್ಗರಣೆ ಸೀದ್ರೂ ಪರವಾಗಿಲ್ಲ, ಏಳಿ.

ರಾಯರು: ಸಾಸಿವೆ ಮುಖಕ್ಕೆ ಸಿಡಿಯುತ್ತಲ್ಲೇ!

ಹೆಂಡತಿ: ಮುಚ್ಚಳ ಇದೆ.

(ರಾಯರು ಏಳುತ್ತಾರೆ. ನಾಲ್ಕು ಹೆಜ್ಜೆ ನಡೆದು ಕಿಟಕಿ ಪಕ್ಕದ ಆರಾಮಕುರ್ಚಿಗೆ ಒರಗುತ್ತಾರೆ.)

ರಾಯರು: ನೋಡು, ಸೋಫಾ ಬಿಟ್ಟೆ. ಆ ಫ್ಯಾನ್ ಸ್ವಲ್ಪ ಜೋರು ಮಾಡು.