ಸೂಪರ್‌ಮ್ಯಾನ್ ಬಾಹುಬಲ ಮೀಮಾಂಸೆ: ಪಾದತಲ ಪ್ರಕರಣ ಸಹಿತ

ಸೂಪರ್‌ಮ್ಯಾನ್ ಎಷ್ಟು ಭಾರ ಎತ್ತಬಲ್ಲ? ಇಷ್ಟು ಗಂಭೀರವಾದ ಪ್ರಶ್ನೆಯನ್ನು ಹುಡುಗರ ಪಾಲಿಗೆ ಬಿಟ್ಟು ವಿದ್ವಲ್ಲೋಕ ಎಂಬತ್ತು ವರ್ಷಕ್ಕೂ ಮಿಕ್ಕಿ ಸುಮ್ಮನೆ ಕೂತಿದೆ. ಹುಡುಗರು ‘ಎಷ್ಟು ಬೇಕಾದರೂ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ‘ಎಷ್ಟು ಬೇಕಾದರೂ’ ಎಂಬುದು ಮದುವೆಮನೆಯಲ್ಲಿ ಬಡಿಸುವವರ ಮಾತೇ ಹೊರತು ಅಳತೆಯಲ್ಲ. ಶಾಸ್ತ್ರಕ್ಕೆ ಟನ್ನು, ಕಿಲೋಗಳಲ್ಲಿ ಉತ್ತರ ಬೇಕು. ಅದನ್ನು ಒದಗಿಸುವುದೇ ಈ ಪ್ರಬಂಧದ ಪ್ರಯೋಜನ.

ಮೊದಲು ಮೂಲಪಾಠ. ಜೆರ್ರಿ ಸೀಗೆಲ್ ಬರೆದು, ಜೋ ಶೂಸ್ಟರ್ ಚಿತ್ರ ಬಿಡಿಸಿ, 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಅಚ್ಚಾದದ್ದನ್ನು ನಾವು ಮೂಲವೆಂದು ಹಿಡಿದಿದ್ದೇವೆ. ಈ ಪಾಠದಲ್ಲಿ ನಾಯಕ ಹಾರುವುದಿಲ್ಲ, ಜಿಗಿಯುತ್ತಾನೆ. ಎಷ್ಟು ದೂರ? ಮೈಲಿಯ ಎಂಟನೇ ಒಂದು ಪಾಲು, ಅಂದರೆ ಲೆಕ್ಕವಾಗಿ ಒಂದು ಫರ್ಲಾಂಗು. ಎಷ್ಟು ಎತ್ತರ? ಇಪ್ಪತ್ತು ಅಂತಸ್ತು. ಎಷ್ಟು ವೇಗ? ಎಕ್ಸ್‌ಪ್ರೆಸ್ ರೈಲನ್ನು ಹಿಂದೆ ಹಾಕುವಷ್ಟು. ಆದರೆ ಭಾರದ ವಿಷಯ ಬಂದಾಗ ಮಾತ್ರ ಗ್ರಂಥಕರ್ತರು ಜಾರಿಕೊಂಡು, ‘ಭಾರೀ ತೂಕ’ ಎತ್ತುತ್ತಿದ್ದ ಎಂದಷ್ಟೇ ಹೇಳಿ ಮುಂದಕ್ಕೆ ಹೋಗಿದ್ದಾರೆ. ಮುಂದಿನ ಎಲ್ಲ ಅನರ್ಥಗಳಿಗೂ ಈ ಒಂದು ವಿಶೇಷಣವೇ ಬೀಜ.

ಬಲಕ್ಕೆ ಅಲ್ಲೇ ಒಂದು ಕಾರಣವನ್ನೂ ಕೊಟ್ಟಿದ್ದಾರೆ: ಇರುವೆ ತನ್ನ ತೂಕದ ನೂರಾರು ಪಟ್ಟು ಹೊರುವುದಿಲ್ಲವೇ, ಮಿಡತೆ ಅಷ್ಟು ದೂರ ನೆಗೆಯುವುದಿಲ್ಲವೇ ಎಂದು. ಈ ವಾದವನ್ನು ಗೆಲಿಲಿಯೋ ಖಂಡಿಸಿ ಆಗಲೇ 300 ವರ್ಷವಾಗಿತ್ತು. ‘ಸುಮಾರು’ ಮುನ್ನೂರಲ್ಲ, ಅವನ ಗ್ರಂಥ ಬಂದದ್ದು 1638ರಲ್ಲಿ, ಕಾಮಿಕ್ಸ್ ಬಂದದ್ದು 1938ರಲ್ಲಿ. ದೇಹ ದೊಡ್ಡದಾದಂತೆ ತೂಕ ಘನದ ಲೆಕ್ಕದಲ್ಲಿ ಏರುತ್ತದೆ, ಸ್ನಾಯುವಿನ ಬಲ ವರ್ಗದ ಲೆಕ್ಕದಲ್ಲಿ ಮಾತ್ರ. ಐದು ಮಿಲಿಮೀಟರಿನ ಇರುವೆಯನ್ನು ಆರಡಿ ಆಳಾಗಿಸಿದರೆ ಅದು ಸುಮಾರು 360 ಪಟ್ಟು ಉದ್ದವಾಗುತ್ತದೆ, ತೂಕಕ್ಕೆ ಹೋಲಿಸಿದ ಅದರ ಬಲ ಅಷ್ಟೇ ಪಟ್ಟು ಕುಗ್ಗುತ್ತದೆ. ತನ್ನ ತೂಕದ ಐವತ್ತು ಪಟ್ಟು ಹೊರುತ್ತಿದ್ದ ಇರುವೆಗೆ ಈಗ ಏಳನೇ ಒಂದು ಪಾಲು ಹೊರುವುದೇ ಕಷ್ಟ. ಅಂಥ ಇರುವೆ ಲೋಕರಕ್ಷಣೆಗೆ ಹೊರಡುವುದಿರಲಿ, ಎದ್ದು ನಿಲ್ಲುವುದೂ ಸಂದೇಹ.

ಹಾಗಾದರೆ ಬಲ ಎಲ್ಲಿಂದ ಬಂತು? ಇಲ್ಲಿ ನಮಗೆ ಪೂರ್ವಸೂರಿಯೊಬ್ಬರಿದ್ದಾರೆ. ಮಿನೆಸೋಟ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೇಮ್ಸ್ ಕಕಾಲಿಯಾಸ್ 2005ರಲ್ಲಿ ಸೂಪರ್‌ಹೀರೋಗಳ ಭೌತಶಾಸ್ತ್ರದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಜಿಗಿತದಿಂದ ಹೊರಟು ಹಿಂದಕ್ಕೆ ಲೆಕ್ಕ ಹಾಕಿದರೆ, ನಾಯಕ ಹುಟ್ಟಿದ ಕ್ರಿಪ್ಟಾನ್ ಗ್ರಹದ ಗುರುತ್ವ ಭೂಮಿಯ ಹದಿನೈದು ಪಟ್ಟು ಇರಬೇಕೆಂದು ಅವರು ತೋರಿಸಿದರು. ಇದನ್ನು ನಾವು ಭಾರಕ್ಕೆ ಅನ್ವಯಿಸುತ್ತೇವೆ. ಗಟ್ಟಿಮುಟ್ಟಾದ ಮನುಷ್ಯ ನೂರು ಕಿಲೋ ಎತ್ತಿದರೆ ಇವನು ಎತ್ತುವುದು ಒಂದೂವರೆ ಟನ್. ಸಂಚಿಕೆಯ ಮುಖಪುಟದಲ್ಲಿ ಅವನು ತಲೆಯ ಮೇಲೆ ಎತ್ತಿಹಿಡಿದಿರುವುದೂ ಒಂದು ಕಾರನ್ನೇ, ಹಸಿರು ಬಣ್ಣದ್ದು. ಜಿಗಿತದ ಲೆಕ್ಕಕ್ಕೂ ಮುಖಪುಟದ ಚಿತ್ರಕ್ಕೂ ಇಷ್ಟು ಸೊಗಸಾಗಿ ತಾಳೆಯಾಗುವುದು ಸಂಶೋಧಕರ ಬಾಳಿನಲ್ಲಿ ಅಪರೂಪ. ಪ್ರಬಂಧವನ್ನು ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಉತ್ತರಕಾಲೀನ ಪಾಠಗಳು ಬಿಡಬೇಕಲ್ಲ. 1960ರ ಹೊತ್ತಿಗೆ ನಾಯಕ ಗ್ರಹಗಳನ್ನೇ ತಳ್ಳತೊಡಗಿದ್ದ. ಆ ಕಾಲದ ಒಂದು ಕಥೆಯಲ್ಲಂತೂ ಅವನು ಸೀನಿದ ರಭಸಕ್ಕೆ ದೂರದ ಸೌರಮಂಡಲವೇ ಚೂರಾಯಿತು. ಅದು ನಾಸಿಕಬಲವಾದ್ದರಿಂದ ಬಾಹುಬಲ ಮೀಮಾಂಸೆಯಲ್ಲಿ ಅದಕ್ಕೆ ಸ್ಥಾನವಿಲ್ಲ. 1986ರಲ್ಲಿ ಜಾನ್ ಬರ್ನ್ ಎಂಬ ಸಂಪ್ರದಾಯಶುದ್ಧಿಕಾರರು ಬಲವನ್ನು ಒಂದಿಷ್ಟು ಕತ್ತರಿಸಿ ಹದಕ್ಕೆ ತಂದರೂ ಅದು ಬಹುಕಾಲ ಉಳಿಯಲಿಲ್ಲ. ಗ್ರ್ಯಾಂಟ್ ಮಾರಿಸನ್ ಬರೆದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ನಲ್ಲಿ ಅವನು ಎತ್ತುವ ತೂಕ ಎರಡರ ಮುಂದೆ ಇಪ್ಪತ್ತು ಸೊನ್ನೆಯಷ್ಟು ಟನ್, ಅಂದರೆ ಎರಡೂವರೆ ಚಂದ್ರರ ಆಸುಪಾಸು. 2012ರ ಮತ್ತೊಂದು ಕಥೆಯಲ್ಲಿ ಪ್ರಯೋಗಾಲಯದಲ್ಲಿ ಅಂಗಾತ ಮಲಗಿ ಇಡೀ ಭೂಮಿಯಷ್ಟು ತೂಕವನ್ನು ಐದು ದಿನ ಎತ್ತಿದ. ಬೆವರಿದ್ದು ಒಂದೇ ಹನಿ.

ಇದಕ್ಕೆಲ್ಲ ನಮ್ಮ ಹಳದಿ ಸೂರ್ಯನೇ ಕಾರಣ, ಬಿಸಿಲೇ ಅವನ ಆಹಾರ ಎಂದು ಭಾಷ್ಯಕಾರರ ಸಮಾಧಾನ. ಆಗಲಿ, ಅದನ್ನೂ ಅಳೆಯೋಣ. ನಡುಹಗಲಿನ ಒಳ್ಳೆಯ ಬಿಸಿಲು ಚದರ ಮೀಟರಿಗೆ ಸುಮಾರು ಒಂದು ಸಾವಿರ ವಾಟ್. ಬಿಸಿಲಿಗೆ ಮೈಯೊಡ್ಡಿ ಮಲಗಿದ ಆಳಿನ ನೆರಳು ಹೆಚ್ಚೆಂದರೆ ಒಂದು ಚದರ ಮೀಟರ್. ಒಂದಿಷ್ಟೂ ಸೋರದಂತೆ ಹೀರಿಕೊಂಡರೂ ಒಂದು ಕಿಲೋವಾಟ್, ಅಂದರೆ ಒಂದೂಕಾಲು ಅಶ್ವಶಕ್ತಿ ಚಿಲ್ಲರೆ. ಮುಖಪುಟದ ಕಾರನ್ನು ಎರಡು ಮೀಟರ್ ಎತ್ತಲು ಇದು ಧಾರಾಳ, ಅರ್ಧ ನಿಮಿಷದ ಬಿಸಿಲು ಸಾಕು. ಆದರೆ ಭೂಮಿಯಷ್ಟು ತೂಕವನ್ನು ಅರ್ಧ ಮೀಟರ್ ಎತ್ತಬೇಕೆಂದರೆ ಒಂಬತ್ತು ಕೋಟಿ ಕೋಟಿ ವರ್ಷ ಬಿಸಿಲು ಕಾಯಬೇಕು. ವಿಶ್ವಕ್ಕೆ ವಯಸ್ಸಾಗಿರುವುದೇ 1380 ಕೋಟಿ ವರ್ಷ. ಅದೂ ನಡುಹಗಲಿನ ಸೂರ್ಯ ಮುಳುಗದೇ ಇದ್ದು, ಎಡೆಬಿಡದೆ ಮೈಬಿಟ್ಟು ಮಲಗಿದರೆ! ಇವನೋ ಹಗಲು ಹೊತ್ತು ಕ್ಲಾರ್ಕ್ ಕೆಂಟ್ ಎಂಬ ಹೆಸರಿನಲ್ಲಿ ಸೂಟು, ಟೈ, ಕನ್ನಡಕ ತೊಟ್ಟು ‘ಡೈಲಿ ಪ್ಲಾನೆಟ್’ ಪತ್ರಿಕೆಯ ಕಚೇರಿಯೊಳಗೆ ಕೂತಿರುತ್ತಾನೆ. ಬಿಸಿಲು ಬೀಳುವ ಜಾಗ ಮುಖ ಮತ್ತು ಹಸ್ತ. ವೇಷ ಕಳಚಿ ಹೊರಬಂದರೂ ಕತ್ತಿನಿಂದ ಕಾಲಿನವರೆಗೆ ಬಟ್ಟೆ, ಬೆನ್ನಿಗೆ ಮೇಲೊಂದು ಕೆಂಪು ಹೊದಿಕೆ. ಬಿಸಿಲನ್ನೇ ಉಣ್ಣುವವನಿಗೆ ಇಂಥ ಉಡುಪು ಹೊಲಿದುಕೊಟ್ಟವರು ಯಾರೋ!

ಇರಲಿ, ಬಲ ಅನಂತವೆಂದೇ ಒಪ್ಪಿಬಿಡೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಅವನು ನಿಂತಿರುವುದು ಯಾವುದರ ಮೇಲೆ? ಹಿಂದಿನ ಮೀಮಾಂಸಕರೆಲ್ಲ ಅವನ ತೋಳನ್ನೇ ನೋಡಿದರು. ನಾವು ಪಾದ ನೋಡಿದ್ದೇವೆ. ಎತ್ತಿದ ಭಾರವೆಲ್ಲ ಕೊನೆಗೆ ಇಳಿಯುವುದು ಎರಡು ಬೂಟುಗಳ ಅಡಿಗೆ. ಎರಡೂ ಸೇರಿ ನೆಲಕ್ಕೆ ತಾಗುವ ಜಾಗ 400 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಳ್ಳೆಯ ಕಾಂಕ್ರೀಟು ಚದರ ಸೆಂಟಿಮೀಟರಿಗೆ ಸುಮಾರು 300 ಕಿಲೋ ತಡೆಯುತ್ತದೆ. ಗುಣಿಸಿದರೆ 120 ಟನ್. ಅದಕ್ಕಿಂತ ಹೆಚ್ಚು ಎತ್ತಹೋದರೆ ಭಾರ ಇದ್ದಲ್ಲೇ ಇದ್ದು ನಾಯಕನೇ ಮೊಳೆಯಂತೆ ರಸ್ತೆಯೊಳಗೆ ಇಳಿಯುತ್ತಾನೆ. ರೈಲು ಎಂಜಿನ್ನನ್ನು ಮೀರಿದ ಬಲ ಎಂದು ರೇಡಿಯೋದವರೂ ಕಾರ್ಟೂನ್ ಚಿತ್ರದವರೂ ಸಾರುತ್ತಿದ್ದ ದಿನಗಳಲ್ಲೇ, 1941ರಲ್ಲಿ, ಅಮೆರಿಕದ ಹಳಿಗಳಿಗೆ ‘ಬಿಗ್ ಬಾಯ್’ ಉಗಿಯಂತ್ರ ಬಂತು. ಕಲ್ಲಿದ್ದಲ ಬಂಡಿ ಬಿಟ್ಟೇ ಅದರ ತೂಕ ಸುಮಾರು 345 ಟನ್. ಕಾಂಕ್ರೀಟಿಗಿಂತ ಹಲವು ಪಟ್ಟು ಗಟ್ಟಿಯಾದ ಗ್ರಾನೈಟ್ ಬಂಡೆ ಇದೇ ಲೆಕ್ಕದಲ್ಲಿ 800 ಟನ್‌ವರೆಗೆ ತಡೆಯುತ್ತದೆ, ಅದರ ಮೇಲೆ ನಿಂತರೆ ಎತ್ತಿಯಾನು, ರಸ್ತೆಯ ಮೇಲೆ ಸಾಧ್ಯವಿಲ್ಲ.

ಇನ್ನು 2006ರ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಸಿನಿಮಾ. ಬೀಳುತ್ತಿರುವ ಜೆಟ್ ವಿಮಾನವನ್ನು ಮೂತಿ ಹಿಡಿದು ತಡೆದು, ಬೇಸ್‌ಬಾಲ್ ಮೈದಾನಕ್ಕೆ ಇಳಿಸುತ್ತಾನೆ. ಪ್ರೇಕ್ಷಕರ ಚಪ್ಪಾಳೆಗೆ ನಮ್ಮ ವಿರೋಧವಿಲ್ಲ. ಆದರೆ ವಿಮಾನದ ಮೂತಿ ಒಂದು ತೆಳ್ಳನೆಯ ಟೊಪ್ಪಿಗೆ, ಅದರ ಹಿಂದಿರುವುದು ಹವಾಮಾನ ರೇಡಾರು. ನ್ಯಾಯವಾಗಿ ಅವನು ಮೂತಿಯಿಂದ ಹೊಕ್ಕು ಬಾಲದಿಂದ ಹೊರಬರಬೇಕಿತ್ತು. ಕೆಳಗಿದ್ದದ್ದೋ ಮಣ್ಣು, ಹುಲ್ಲು. ಚದರ ಸೆಂಟಿಮೀಟರಿಗೆ ಎರಡು ಕಿಲೋ ತಡೆದರೆ ಅದೇ ಹೆಚ್ಚು, ಒಟ್ಟು 800 ಕಿಲೋ. ಅಲ್ಲಿ ವಿಮಾನವಿರಲಿ, 1938ರ ಆ ಹಸಿರು ಕಾರನ್ನೂ ಎತ್ತುವಂತಿಲ್ಲ.

‘ಅವನು ಹಾರುತ್ತಾನಲ್ಲ, ನೆಲವೇಕೆ ಬೇಕು?’ ಎಂದು ಪೂರ್ವಪಕ್ಷ. ಹಾರುವ ರಾಕೆಟ್ಟು ಹಿಂದಕ್ಕೆ ಹೊಗೆಯನ್ನಾದರೂ ಎಸೆಯುತ್ತದೆ, ಇವನು ಏನನ್ನೂ ಎಸೆಯುವುದಿಲ್ಲ. ತಳ್ಳುವುದಕ್ಕೆ ಏನೂ ಇಲ್ಲದವನು ಎತ್ತುವುದೆಲ್ಲಿಂದ? 1993ರಲ್ಲಿ ಬಂದ ಸೂಪರ್‌ಬಾಯ್‌ಗೆ ಲೇಖಕರು ಮುಟ್ಟಿದ ವಸ್ತುವನ್ನು ಮನಸ್ಸಿನಿಂದಲೇ ಹಿಡಿದೆತ್ತುವ ಶಕ್ತಿ ಕೊಟ್ಟರು. ದೊಡ್ಡವನದೂ ಇದೇ ಗುಟ್ಟು ಎನ್ನುವವರಿದ್ದಾರೆ. ಹಾಗಿದ್ದರೆ ಅದು ಮನೋಬಲ, ನಮ್ಮ ವ್ಯಾಪ್ತಿಗೆ ಬಾರದು. ತತ್ತ್ವಶಾಸ್ತ್ರ ವಿಭಾಗದವರು ವಿಚಾರಿಸಿಕೊಳ್ಳಲಿ.

ಆದ್ದರಿಂದ ನಮ್ಮ ತೀರ್ಪು: ಕಾಂಕ್ರೀಟ್ ರಸ್ತೆಯ ಮೇಲೆ 120 ಟನ್, ಗ್ರಾನೈಟಿನ ಮೇಲೆ 800 ಟನ್, ಹುಲ್ಲಿನ ಮೇಲೆ 800 ಕಿಲೋ. ಇದರಲ್ಲಿ ಬೂಟಿನ ಅಳತೆಯೊಂದು ಮಾತ್ರ ನಮ್ಮ ಊಹೆ. ಸೂಪರ್‌ಮ್ಯಾನನ ಕಾಲಿನ ನಂಬರು ಯಾವ ಸಂಚಿಕೆಯಲ್ಲಾದರೂ ಅಚ್ಚಾಗಿದ್ದರೆ ಬಲ್ಲ ಓದುಗರು ದಯವಿಟ್ಟು ತಿಳಿಸಬೇಕು. ಎರಡನೇ ಆವೃತ್ತಿಯಲ್ಲಿ ತಿದ್ದಿಕೊಳ್ಳಲಾಗುವುದು.