ಹೈದರಾಬಾದಿನ ಕಡಲತೀರ ವಿಹಾರ: ಒಂದು ಮೀಮಾಂಸೆ

ಹೈದರಾಬಾದಿಗೆ ಕಡಲಿಲ್ಲ ಎಂಬುದು ಪೂರ್ವಪಕ್ಷ. ಈ ಪಕ್ಷದವರ ಕೈಯಲ್ಲಿ ಸದಾ ಒಂದು ಭೂಪಟವಿರುತ್ತದೆ. ಅದನ್ನು ಹಾಸಿ, ಬಂಗಾಳಕೊಲ್ಲಿಯ ದಡ ಮುಟ್ಟಲು ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು, ಗೋಲ್ಕೊಂಡದ ಸುಲ್ತಾನರಿಗೂ ಹಡಗಿನ ವ್ಯಾಪಾರಕ್ಕೆ ಮಚಲೀಪಟ್ಟಣವೇ ಗತಿಯಾಗಿತ್ತು ಎಂದು ಬೆರಳಿಟ್ಟು ತೋರಿಸುತ್ತಾರೆ. ಉತ್ತರಪಕ್ಷದವರ ಬಳಿ ಭೂಪಟವಿಲ್ಲ. ಅವರು ಸಂಜೆ ಆರರ ಹೊತ್ತಿಗೆ ಹುಸೇನ್ ಸಾಗರವೆಂಬ ಕೆರೆಯ ಟ್ಯಾಂಕ್ ಬಂಡಿನ ಕಟ್ಟೆಯ ಮೇಲೆ ಕೂತು ಸುಟ್ಟ ಮೆಕ್ಕೆಜೋಳ ತಿನ್ನುತ್ತಿರುತ್ತಾರೆ. ಅವರನ್ನು ಎಬ್ಬಿಸಿ ವಾದಕ್ಕೆ ಕರೆಯುವುದು ಸಾಧ್ಯವಿಲ್ಲದ ಮಾತು. ಅವರ ಪರವಾಗಿ ವಕಾಲತ್ತು ವಹಿಸಲೆಂದೇ ಈ ಪ್ರಬಂಧ.

ಮೊದಲು ವಯಸ್ಸಿನ ಪ್ರಶ್ನೆ. ಇಬ್ರಾಹಿಂ ಕುಲಿ ಕುತುಬ್ ಷಾನ ಕಾಲದಲ್ಲಿ, 1562ರ ಸುಮಾರಿಗೆ, ಹುಸೇನ್ ಷಾ ವಲಿಯ ಉಸ್ತುವಾರಿಯಲ್ಲಿ ಹುಸೇನ್ ಸಾಗರ ನಿರ್ಮಾಣವಾಯಿತು. ಹೈದರಾಬಾದ್ ನಗರ ಹುಟ್ಟಿದ್ದು 1591ರಲ್ಲಿ. ಬೇರೆ ಊರುಗಳು ಕಡಲನ್ನು ಹುಡುಕಿಕೊಂಡು ಹೋಗಿ ದಡದಲ್ಲಿ ಬೆಳೆದವು. ಇಲ್ಲಿ ಕಡಲೇ ಮುಂಚೆ ಬಂದು ಮೂವತ್ತು ವರ್ಷ ಊರಿಗಾಗಿ ಕಾದಿತು. ಆಮೇಲೆ 1806ರಲ್ಲಿ, ಮೂರನೆಯ ನಿಜಾಮ ಸಿಕಂದರ್ ಜಾನ ಹೆಸರು ಹೊತ್ತು ಉತ್ತರದ ದಡಕ್ಕೆ ಸಿಕಂದರಾಬಾದ್ ಬಂತು. ಕಡಲಿಗೆ ಉಪನಗರವೂ ಒದಗಿತು. ಶಾಸ್ತ್ರಕ್ಕೆ ಬೇಕಾದ ಸಾಮಗ್ರಿ ಅಲ್ಲಿಗೆ ಪೂರ್ತಿಯಾಯಿತು.

ಜಲಶಾಸ್ತ್ರಕ್ಕೆ ಬಂದರೆ ವಿಷಯ ಇನ್ನೂ ಗಹನ. ಹುಸೇನ್ ಸಾಗರ ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟದಿಂದ ಸುಮಾರು 513 ಮೀಟರ್. ಮಿಕ್ಕ ಸಮುದ್ರಗಳು ಈ ಲೆಕ್ಕದಲ್ಲಿ ಇನ್ನೂ ಸೊನ್ನೆಯನ್ನೇ ದಾಟಿಲ್ಲ. ಸಮುದ್ರವೆಂದ ಮೇಲೆ ನದಿಗಳು ಬಂದು ಸೇರಬೇಕಲ್ಲವೆ? ಸೇರುತ್ತವೆ. ಕೂಕಟ್‌ಪಲ್ಲಿ, ಪಿಕೆಟ್, ಬಂಜಾರಾ, ಬಲ್ಕಾಪುರ ಎಂಬ ನಾಲ್ಕು ನಾಲೆಗಳು ಊರಿನ ಕೊಚ್ಚೆಯನ್ನೂ ಕಾರ್ಖಾನೆಗಳ ಕಷಾಯವನ್ನೂ ದಶಕಗಳ ಕಾಲ ಭಕ್ತಿಯಿಂದ ಹೊತ್ತು ತಂದಿವೆ. ಇಷ್ಟು ಎಲ್ಲ ಸಮುದ್ರಗಳ ಹಣೆಬರಹ, ವಿಶೇಷ ಮುಂದಿದೆ. ಈ ಸಾಗರ ಕೋಡಿ ಬಿದ್ದರೆ ಹೆಚ್ಚಿನ ನೀರು ನಲ್ಲಕುಂಟ, ಅಂಬರ್‌ಪೇಟೆಗಳ ಕಡೆ ಹರಿದು ಮೂಸಿ ನದಿಗೆ ಬೀಳುತ್ತದೆ. ಸಮುದ್ರ ತಾನೇ ಹೋಗಿ ನದಿಯನ್ನು ಸೇರುವ ಉದಾಹರಣೆ ಪುರಾಣಗಳಲ್ಲೂ ಸುಲಭವಾಗಿ ಸಿಗದು. ಆ ನದಿಯ ನಡುಗಡ್ಡೆಯಲ್ಲಿ ಇಮ್ಲಿಬನ್ ಬಸ್ ನಿಲ್ದಾಣವಿದೆ. ಬೀದರ್, ಕಲಬುರಗಿಗಳಿಂದ ಬರುವ ವಿಹಾರಿ ಹೊಳೆಯ ಮಧ್ಯೆ ಬಸ್ಸಿಳಿದು, ಪ್ರವಾಹಕ್ಕೆ ಎದುರಾಗಿ, ಸಮುದ್ರಕ್ಕೆ ಆಟೋ ಮಾಡಿಕೊಳ್ಳುತ್ತಾನೆ.

ನಾತದ ಪ್ರಶ್ನೆಯಿಂದ ಬೇಸಿಗೆಯಲ್ಲಿ ಯಾರೂ ತಪ್ಪಿಸಿಕೊಳ್ಳಲಾರರು. ಗಂಧವೆಂಬುದು ಪೃಥ್ವಿಯ ಗುಣ, ನೀರಿಗೆ ಅದಿಲ್ಲ ಎಂದು ನಮ್ಮ ತಾರ್ಕಿಕರ ತೀರ್ಪು. ನೀರು ನಾರಿದರೆ ಅದರಲ್ಲಿ ಬೆರೆತ ಪೃಥ್ವಿ ನಾರುತ್ತಿದೆ ಎಂದೇ ತಿಳಿಯಬೇಕು. ಈ ನ್ಯಾಯದಂತೆ ಮೇ ತಿಂಗಳ ಮಧ್ಯಾಹ್ನ ನೆಕ್ಲೆಸ್ ರೋಡಿನಲ್ಲಿ ಮೂಗು ಮುಚ್ಚಿ ನಿಂತವನ ಎದುರಿಗಿರುವುದು ನೀರಲ್ಲ, ದ್ರವರೂಪದ ನೆಲ. ಇಲ್ಲಿ ಸಮುದ್ರಸ್ನಾನದ ಸಂಪ್ರದಾಯ ಬೆಳೆಯದಿರುವುದಕ್ಕೂ ಇದೇ ಕಾರಣವಿರಬೇಕು. ಮುಳುಗುವವನು ಗಣಪತಿ ಒಬ್ಬನೇ, ಅವನನ್ನೂ ಕ್ರೇನು ಕಟ್ಟಿ ಇಳಿಸಬೇಕು.

ಇನ್ನು ಇದು ಯಾವ ಸಮುದ್ರ? ಹತ್ತಿರವಿರುವ ಬಂಗಾಳಕೊಲ್ಲಿಯಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ. ಟ್ಯಾಂಕ್ ಬಂಡ್ ಇರುವುದು ಸಾಗರದ ಪೂರ್ವಕ್ಕೆ. ಅಲ್ಲಿ ಕೂತವರಿಗೆ ಸೂರ್ಯ ಸಾಗರದ ನಡುವೆ ನಿಂತ ಬುದ್ಧವಿಗ್ರಹದ ಬೆನ್ನ ಹಿಂದೆ ನೀರಿನಾಚೆ ಇಳಿಯುತ್ತಾನೆ. ಆದ್ದರಿಂದ ಇದು ಅರಬ್ಬೀ ಸಮುದ್ರದ ಪೈಕಿ ಎಂದು ಸಿದ್ಧವಾಯಿತು. ಹಾಗಾದಮೇಲೆ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 1956ರ ನವೆಂಬರ್ 1ರ ತನಕ ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ, ಹುಸೇನ್ ಸಾಗರವೇ ಕಡಲು. ರಾಜ್ಯಗಳ ಪುನರ್ವಿಂಗಡಣೆ ಆ ಜಿಲ್ಲೆಗಳವರಿಗೆ ಕಾರವಾರದ ಅಸಲಿ ಕಡಲನ್ನು ದಯಪಾಲಿಸಿತು, ದೂರವನ್ನು ಎರಡು ಪಟ್ಟಿಗೂ ಮೀರಿಸಿ. ಬಂಡಿನ ಮೇಲೆ ಪಕ್ಕದಲ್ಲಿ ಕೂತಿದ್ದ ಕಲಬುರಗಿಯ ಹಿರಿಯರೊಬ್ಬರು ಈ ಸಿದ್ಧಾಂತಕ್ಕೆ ಕೊಟ್ಟ ಭಾಷ್ಯ ಇಷ್ಟು: “ಕಾರವಾರಕ್ಕ ಹೋಗಿ ಬರೋದ್ರಾಗ ಮೂರು ದಿನಾ ಹೋಗ್ತಾವ್ರಿ. ಇಲ್ಲಿ ನೋಡ್ರಿ, ಮುಂಜಾನಿ ಬಸ್ ಹತ್ತಿದ್ರ ಸಂಜಿಗಿ ಸಮುದ್ರ. ಉಪ್ಪಿಲ್ಲ ಅಷ್ಟ.”

ಕನ್ನಡಿಗರ ಋಣ ಅಲ್ಲಿಗೆ ಮುಗಿಯುವುದಿಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಕೊಚ್ಚಿಹೋದ ಮೇಲೆ ನಿಜಾಮ ಸರ್ಕಾರ ಸಲಹೆಗೆ ಕರೆಸಿದ್ದು ವಿಶ್ವೇಶ್ವರಯ್ಯನವರನ್ನು. ಮೇಲ್ಗಡೆ ಅಣೆಕಟ್ಟು ಕಟ್ಟಿ ನೆರೆ ತಡೆಯಿರಿ ಎಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಹೀಗೆ ಒಂದು ಸಮುದ್ರದ ಊರಿಗೆ ಮೂರಾದವು. ಕೆರೆ ಕಂಡಲ್ಲಿ ಸಾಗರ ಕಾಣುವ ಚಟ ನಮ್ಮ ಕಡೆಯೂ ಕಡಿಮೆಯಿಲ್ಲ. ಕೃಷ್ಣರಾಜ ಸಾಗರ, ವಾಣಿವಿಲಾಸ ಸಾಗರಗಳ ಜತೆಗೆ ಸೂಳೆಕೆರೆಯನ್ನೂ ಶಾಂತಿಸಾಗರ ಮಾಡಿ ಕೂತವರು ನಾವು. ಖೈರತಾಬಾದಿನ ಚೌಕದಲ್ಲಿ ಪೇಟ ಕಟ್ಟಿದ ವಿಶ್ವೇಶ್ವರಯ್ಯನವರು ನಿಂತಿದ್ದಾರೆ. ಆಟೋದವರಿಗೆ “ವಿ.ವಿ. ಸ್ಟ್ಯಾಚ್ಯೂ” ಎಂದರೆ ಸಾಕು, ವಿ.ವಿ. ಯಾರು ಎಂದು ಕೇಳಿದರೆ ಮಾತ್ರ ಬಾಡಿಗೆ ಹೆಚ್ಚಾಗುವ ಸಂಭವವಿದೆ.

ವಿಹಾರದ ಪ್ರಯೋಗಭಾಗದಲ್ಲಿ ಎರಡು ಪಂಥಗಳಿವೆ. ಕಟ್ಟೆವಾದಿಗಳ ಪ್ರಕಾರ ಕೂರುವುದೇ ವಿಹಾರ, ನಡೆಯುವುದು ಡಾಕ್ಟರು ವಿಧಿಸಿದ ಶಿಕ್ಷೆ. ನಡಿಗೆವಾದಿಗಳು ಬೆಳಿಗ್ಗೆ ಐದಕ್ಕೇ ಕ್ಯಾನ್ವಾಸ್ ಬೂಟು ಹಾಕಿ ಸಂಜೀವಯ್ಯ ಪಾರ್ಕಿನ ಬಳಿ ಕೈ ಬೀಸುತ್ತಿರುತ್ತಾರೆ. ಇಷ್ಟು ಅವಸರದಲ್ಲಿರುವವರನ್ನು ವಿಹಾರಿಗಳೆನ್ನಲು ಈ ಲೇಖಕನ ಮನಸ್ಸು ಒಪ್ಪದು. ಅಲೆಗಳಿಲ್ಲವಲ್ಲ ಎಂದು ಕೊರಗುವವರಿಗೆ ಸಮಾಧಾನ ಇಷ್ಟೇ: ಅಲೆಯುವವರು ಬೇಕಾದಷ್ಟಿದ್ದಾರೆ. ಬಂಡಿನುದ್ದಕ್ಕೂ ಎನ್.ಟಿ. ರಾಮರಾಯರು ನಿಲ್ಲಿಸಿದ ಮೂವತ್ತಕ್ಕೂ ಮಿಕ್ಕ ಮಹನೀಯರಿದ್ದಾರೆ. ನನ್ನಯ್ಯ, ಮೊಲ್ಲ, ವೇಮನರ ಸಾಲಿನಲ್ಲಿ ನಮ್ಮ ಬಳ್ಳಾರಿ ರಾಘವರೂ ಕೃಷ್ಣದೇವರಾಯನೂ ಇದ್ದಾರೆ. ಅವರ ಬುಡದಲ್ಲಿ ನಿಂತು ಸೆಲ್ಫಿ ತೆಗೆಯುವವರಲ್ಲಿ ಹೆಸರಿನ ಫಲಕ ಓದುವವರು ವಿರಳ.

ನ್ಯೂಯಾರ್ಕಿನ ಬಂದರಿನಲ್ಲಿ ಲಿಬರ್ಟಿ ಪ್ರತಿಮೆ ಕಂಡು ಬಂದ ರಾಮರಾಯರಿಗೆ ತಮ್ಮ ಕಡಲಿಗೂ ಒಬ್ಬರು ಬೇಕೆನಿಸಿತು. ಏಕಶಿಲೆಯ ಬುದ್ಧ ಸಿದ್ಧನಾದ, ಎತ್ತರ 18 ಮೀಟರ್. 1990ರ ಮಾರ್ಚ್‌ನಲ್ಲಿ ತೆಪ್ಪದ ಮೇಲೆ ಸಾಗಿಸುವಾಗ ವಿಗ್ರಹ ಜಾರಿ ನೀರಿಗೆ ಬಿತ್ತು. ಕೆಲಸಗಾರರು ಪ್ರಾಣ ಕಳೆದುಕೊಂಡರು. ಈ ಒಂದು ವಾಕ್ಯಕ್ಕೆ ಅಣಕ ಸಲ್ಲದು. ಎರಡು ವರ್ಷಕ್ಕೂ ಹೆಚ್ಚು ಕಾಲ ಬುದ್ಧ ತಳದಲ್ಲಿ ಮಲಗಿದ್ದು, 1992ರ ಡಿಸೆಂಬರ್‌ನಲ್ಲಿ ಮೇಲೆದ್ದ. ಅಷ್ಟು ದಿನ ಆ ನೀರಿನಲ್ಲಿದ್ದೂ ಮುಖದ ನಗು ಮಾಸದಿರುವುದನ್ನು ಬೌದ್ಧ ಪಂಡಿತರು ಗಮನಿಸಬೇಕು.

ಉಪ್ಪಿನ ಆಕ್ಷೇಪವೊಂದು ಉಳಿದಿತ್ತು. ಕಲಬುರಗಿಯ ಹಿರಿಯರು ಅದನ್ನು ತೇಲಿಸಿಬಿಟ್ಟಿದ್ದರೂ ಶಾಸ್ತ್ರ ಹಾಗೆ ಬಿಡುವಂತಿಲ್ಲ. ಬಂಡಿನ ಬದಿಯಲ್ಲಿ ತಳ್ಳುಗಾಡಿಯವನು ಕೆಂಡಕ್ಕೆ ಗಾಳಿ ಹಾಕುತ್ತಾನೆ. ಕಿಡಿ ಹಾರುತ್ತದೆ, ತೆನೆಯ ಕಾಳು ಚಟಚಟ ಸಿಡಿದು ಅಲ್ಲಲ್ಲಿ ಕಪ್ಪಾಗುತ್ತದೆ. ಅರ್ಧ ನಿಂಬೆಹೋಳನ್ನು ಉಪ್ಪು-ಖಾರದಲ್ಲಿ ಅದ್ದಿ, ತೆನೆಯ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ತಿಕ್ಕುತ್ತಾನೆ. ಹೋಳು ಹಿಂಡಿ ಸಣ್ಣಗಾದರೂ ಬದಲಿಸುವುದಿಲ್ಲ. ತೆನೆಯದೇ ಸಿಪ್ಪೆಯಲ್ಲಿ ಸುತ್ತಿ ಕೊಟ್ಟದ್ದನ್ನು ಕಚ್ಚಿದರೆ ತುಟಿ ಉರಿಯುವಷ್ಟು ಉಪ್ಪು. “ಭಾಯ್, ನಮಕ್ ಜ್ಯಾದಾ ಹೋ ಗಯಾ” ಎಂದರೆ, “ಸಾಬ್, ಸಮಂದರ್ ಕಿನಾರೆ ಮೇಂ ಖಾರೆ” ಎಂದು ಅವನೇ ಈ ಆಕ್ಷೇಪವನ್ನು ಮುಗಿಸಿಕೊಟ್ಟ.

ಆದರೂ ಕಾರವಾರದ ಪಕ್ಷದವರು ಸುಮ್ಮನಾಗುವವರಲ್ಲ. ನಿಮ್ಮ ಕಡಲಲ್ಲಿ ತಿನ್ನುವಂಥ ಮೀನು ಸಿಗುತ್ತದೆಯೇ ಎಂಬುದು ಅವರ ಬ್ರಹ್ಮಾಸ್ತ್ರ. ಉತ್ತರ ಹೀಗಿದೆ: ಜೂನ್‌ನಲ್ಲಿ ಮೃಗಶಿರಾ ಕಾರ್ತಿಯ ಹೊತ್ತಿಗೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನಕ್ಕೆ ಬನ್ನಿ. ಅಲ್ಲಿ ಉಬ್ಬಸದವರು ಸಾಲುಗಟ್ಟಿ ನಿಂತು, ಮದ್ದು ತುಂಬಿದ ಮರಿಮೀನನ್ನು ಜೀವಂತವಾಗಿಯೇ ನುಂಗುತ್ತಾರೆ. ಉಬ್ಬಸ ವಾಸಿಯಾಗುತ್ತದೆಂದು ವೈದ್ಯಶಾಸ್ತ್ರ ಒಪ್ಪಿಲ್ಲ. ಆ ಗೊಡವೆ ನಮ್ಮ ಶಾಸ್ತ್ರಕ್ಕೆ ಬೇಡ. ಕಾರವಾರದವರು ಮೀನನ್ನು ಹುರಿಯುವ ತನಕವಾದರೂ ಕಾಯುತ್ತಾರೆ. ಅಷ್ಟು ತಾಳ್ಮೆಯೂ ಇಲ್ಲದಷ್ಟು ಮೀನಿನ ಮೋಹವಿರುವ ಈ ಊರನ್ನು ಒಳನಾಡು ಎಂದು ಕರೆಯುವವರು ತಮ್ಮ ಭೂಪಟದ ಮುದ್ರಕರನ್ನು ವಿಚಾರಿಸಿಕೊಳ್ಳಲಿ.