ನನಗೆ ಕೋಪ ಬಂದಿಲ್ಲ

ಮೈಸೂರಿನಲ್ಲಿ ಕೋಪಿಷ್ಠರಿಗಿಂತ ಕೋಪ ಗೆದ್ದವರ ಕಾಟ ಜಾಸ್ತಿ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಗೆ ಹೋದರೆ ಮೂಗು ಹಿಡಿದು ಕೂತ ನಾಲ್ಕಾರು ಜನ ಸಿಕ್ಕೇ ಸಿಗುತ್ತಾರೆ. ಸರಸ್ವತಿಪುರಂನ ನಮ್ಮ ರಸ್ತೆಗೆ ಅಂಥವರು ಒಬ್ಬರೇ ಸಾಕಾಗಿದ್ದಾರೆ. ನಿವೃತ್ತ ಮೇಷ್ಟ್ರು.

ಸಿಟ್ಟು ಬಂದರೆ ಒಂದರಿಂದ ಹತ್ತು ಎಣಿಸುವುದು ಅವರ ಪದ್ಧತಿ. ಮನಸ್ಸಿನಲ್ಲೇ ಎಣಿಸಿದ್ದರೆ ಯಾರದೂ ತಕರಾರಿರಲಿಲ್ಲ; ಅವರು ಎಣಿಸುವುದು ಮಗ್ಗಿ ಹೇಳಿಸುತ್ತಿದ್ದ ಹಳೇ ಗಂಟಲಿನಲ್ಲಿ. ಕಳೆದ ದಸರೆಯಲ್ಲಿ ಒಬ್ಬ ಹುಡುಗ ಅವರ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿ ದೋಸೆ ತಿನ್ನಲು ಹೋದ. ತಿರುಗಿ ಬಂದರೆ ಸ್ಕೂಟರ್ ಪಕ್ಕ ಮೇಷ್ಟ್ರು ಕಣ್ಣು ಮುಚ್ಚಿ ನಿಂತಿದ್ದಾರೆ.

“ಒಂದು... ಎರಡು...”

“ಸಾರಿ ಅಂಕಲ್, ಈಗಲೇ ತೆಗೀತೀನಿ.”

“ಇರಪ್ಪಾ, ನನಗೆ ಕೋಪ ಬಂದಿಲ್ಲ. ಮೂರು...”

ಹ್ಯಾಂಡಲ್ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ಆರಕ್ಕೆ ಬೀದಿನಾಯಿ ಎದ್ದು ಜಾಗ ಖಾಲಿ ಮಾಡಿತು. ಏಳಕ್ಕೆ ಹುಡುಗನ ಕಣ್ಣಲ್ಲಿ ನೀರು. ಎಂಟರ ಹತ್ತಿರ ಲೆಕ್ಕ ತಪ್ಪಿತೆಂದು ಮತ್ತೆ ಒಂದರಿಂದ ಶುರು! ಎರಡು ಬೈಗುಳ ಬೈದಿದ್ದರೆ ಪಾಪ, ಅರ್ಧ ನಿಮಿಷದಲ್ಲಿ ಬಚಾವಾಗುತ್ತಿದ್ದ.

ನಾನೇನು ಮಹಾ ಅಲ್ಲ. ಆಫೀಸಿನಲ್ಲಿ ಹಲ್ಲುಕಿರಿದು, ಬಚ್ಚಲಲ್ಲಿ ಸಾಹೇಬರನ್ನು ಏಕವಚನದಲ್ಲಿ ವಿಚಾರಿಸಿಕೊಳ್ಳುವ ಜಾತಿ. ಅಷ್ಟಕ್ಕೂ 1930ರ ದಶಕದಲ್ಲಿ ಇಲ್ಲಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಕೃಷ್ಣಮಾಚಾರ್ಯರ ಮುಂಗೋಪ ಎಷ್ಟಿತ್ತೆಂದು ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರೇ ಹೇಳಿಕೊಂಡಿದ್ದಾರೆ. ಅಯ್ಯಂಗಾರರೂ ಪಾಠದ ವೇಳೆ ಗದರುವುದಕ್ಕೆ ಹೆಸರಾದವರೇ. ಇನ್ನು ಒಳಗಿನದನ್ನು ಮುಖದಲ್ಲಿ ತೋರಿಸದೆ ನುಂಗಿಕೊಳ್ಳುವ ಬಗ್ಗೆ ಅಮೆರಿಕದಲ್ಲಿ ಮನೋವಿಜ್ಞಾನಿಗಳಾದ ಗ್ರಾಸ್ ಮತ್ತು ಲೆವೆನ್‌ಸನ್ 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ: ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಿ, ಮುಖದಲ್ಲಿ ಏನೂ ಕಾಣಿಸಕೂಡದು ಎಂದರಂತೆ. ಮುಖಗಳು ಮಾತು ಕೇಳಿದವು. ಬೆರಳುಗಳು ಇನ್ನಷ್ಟು ಬೆವರಿದವು. ಮೇಷ್ಟ್ರ ಕೈ ಮುಟ್ಟಿ ನೋಡುವ ಧೈರ್ಯ ನನಗಿಲ್ಲ.

ಕೆರೆ ಏರಿಯ ಅವರ ಜೊತೆಗಾರರು ತೀರಿಕೊಂಡ ದಿನ ಬೆಟ್ಟದ ತಪ್ಪಲಿನ ಸ್ಮಶಾನದಲ್ಲಿ ಮೇಷ್ಟ್ರ ಪಕ್ಕದಲ್ಲೇ ಇದ್ದೆ. ತುಟಿ ಅಲ್ಲಾಡುತ್ತಿತ್ತು, ದನಿ ಹೊರಡಲಿಲ್ಲ. ಹತ್ತಕ್ಕೆ ನಿಂತಂತೆಯೂ ಕಾಣಲಿಲ್ಲ. ಆಮೇಲೆ ಒಂದು ವಾರ ರಸ್ತೆಯಲ್ಲಿ ಎಣಿಕೆಯೇ ಕೇಳಿಸಲಿಲ್ಲ. ಯಾರ್‍ಯಾರೋ ಅವರ ಗೇಟಿಗೆ ಗಾಡಿ ನಿಲ್ಲಿಸಿಕೊಂಡರು.

ಅವರ ಮನೆಯವರ ದಾರಿ ಬೇರೆ. ಬೈಯುವುದಿದ್ದರೆ ಬೈದು, ಅದೇ ಉಸಿರಿನಲ್ಲಿ “ಕಾಫಿ ಕುಡೀರಿ” ಅನ್ನುತ್ತಾರೆ. ಮೊನ್ನೆ ಹಾಲಿನವನಿಗೆ ಚೆನ್ನಾಗಿ ಮಂಗಳಾರತಿ ಎತ್ತಿ ನನ್ನ ಕಡೆ ತಿರುಗಿದರು.

“ಮದುವೆಯಾದಾಗ ನಾನು ಬಾಯಿ ಬಿಡ್ತಾ ಇರಲಿಲ್ಲ ಕಣಪ್ಪಾ. ಇವರು ಕೋಪ ಬಿಟ್ಟರಲ್ಲ, ಮನೇಲಿ ಯಾರಾದರೂ ಒಬ್ಬರು ಇಟ್ಕೋಬೇಕಲ್ಲ?”